ಬಿಳಿಯಾಗದ ನೀರು

ಹೊಸದಾಗಿ ಬಂದ ಬೇರಿಯಂ ದ್ರಾವಣದ ಬಾಟಲಿ ತೆರೆದಾಗ ಲ್ಯಾಬಿನ ಅಕ್ಕನಿಗೆ ಬೇರೇನೂ ಉದ್ದೇಶವಿರಲಿಲ್ಲ. ಸರಕು ಸರಿಯಾಗಿದೆಯೇ ಎಂದು ನೋಡಬೇಕಿತ್ತು, ಅಷ್ಟೆ. ಕಚ್ಚಾ ಎಣ್ಣೆಯ ಜೊತೆಗೆ ನೆಲದಾಳದಿಂದ ಉಕ್ಕಿ ಬರುವ ಉಪ್ಪುನೀರನ್ನು ಪರೀಕ್ಷಿಸುತ್ತ ಇಪ್ಪತ್ತೆರಡು ವರ್ಷ ಸವೆಸಿದವಳು ಆಕೆ. ಕೈಗೆ ಸಿಕ್ಕ ಸೀಸೆಯಿಂದ ಸ್ವಲ್ಪ ನೀರು ಬಗ್ಗಿಸಿ ನಾಲ್ಕು ಹನಿ ಹಾಕಿದಳು. ಅದು ಕೆಲಸಗಾರರ ಕಾಲೋನಿಗೆ ಕುಡಿಯಲು ಕೊಡುವ ಬಾವಿಯ ನೀರು. ಅದರಲ್ಲಿ ಸಲ್ಫೇಟ್ ಇದ್ದೇ ಇರುತ್ತದೆ. ಬೇರಿಯಂ ಹನಿ ಬಿದ್ದೊಡನೆ ಅದು ಬೆಳ್ಳಗೆ ಕದಡಬೇಕು. ಕದಡಲಿಲ್ಲ.

ದ್ರಾವಣವೇ ಕೆಟ್ಟಿರಬೇಕೆಂದು ಇನ್ನೊಂದು ನೀರಿನಲ್ಲಿ ನೋಡಿದಳು. ಅಲ್ಲಿ ಸರಿಯಾಗಿಯೇ ಬೆಳ್ಳಗಾಯಿತು. ಈಗ ಬಾವಿಯ ನೀರಿಗೆ ತಾನೇ ಸಲ್ಫೇಟ್ ಹನಿಸಿದಳು. ಕಣ್ಣೆದುರೇ ನೀರು ಮಜ್ಜಿಗೆಯಾಯಿತು. ಅಂದರೆ ಬಾವಿಯ ಸಲ್ಫೇಟನ್ನೆಲ್ಲ ಮುಗಿಸಿ ಮಿಕ್ಕುವಷ್ಟು ಬೇರಿಯಂ ಅದರೊಳಗೆ ಸೇರಿತ್ತು. ಆ ಸುತ್ತಿನಲ್ಲಿ ಬೇರಿಯಂ ಇರುವುದು ಎಣ್ಣೆಯ ಜೊತೆಗಿನ ಆಳದ ನೀರಿನಲ್ಲಿ ಮಾತ್ರ. ಎಲ್ಲೋ ಹಳೆಯ ಎಣ್ಣೆಬಾವಿಯ ಕೊಳವೆ ತೂತುಬಿದ್ದು ಆ ನೀರು ಕುಡಿಯುವ ಬಾವಿಗೆ ಸೋರುತ್ತಿದೆ.

ಹಿಂದಿನ ಮೂರು ತಿಂಗಳ ವರದಿ ತೆಗೆದಳು. ಎಲ್ಲದರಲ್ಲೂ ಸಲ್ಫೇಟ್ ಒಂದೇ ಅಂಕಿ. ಅಳೆದದ್ದಲ್ಲ, ಹಳೆಯದನ್ನೇ ತಾನು ನಕಲು ಮಾಡಿದ್ದು. ಆ ಬಾವಿಯ ಸಲ್ಫೇಟ್ ಎಂದೂ ಬದಲಾಗುವುದಿಲ್ಲವೆಂಬ ಧೈರ್ಯ. ಸೋಡಿಯಮ್ಮನ್ನಂತೂ ಅಲ್ಲಿ ಯಾರೂ ಅಳೆಯುತ್ತಿರಲಿಲ್ಲ. ನೀರಿನಲ್ಲಿ ಕರಗಿದ ಧನ ಮತ್ತು ಋಣ ಅಯಾನುಗಳ ಮೊತ್ತ ಸರಿದೂಗಲು ಎಷ್ಟು ಬೇಕೋ ಅಷ್ಟನ್ನು ಕಳೆದು ಬರೆಯುವುದು ರೂಢಿ. ಹಾಗಾಗಿ ಸುಳ್ಳಿನ ಹಾಳೆಯೂ ಅಚ್ಚುಕಟ್ಟಾಗಿ ಸರಿದೂಗಿತ್ತು. ಕೆಳಗೆ ‘ಕುಡಿಯಲು ಯೋಗ್ಯ’ ಎಂಬ ಮಾತು, ಅದರ ಕೆಳಗೆ ಅವಳದೇ ರುಜು. ಬೇರಿಯಂ ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಪೆಟ್ಟು.

ಮೇಲಧಿಕಾರಿ ಕೆಟ್ಟವನಲ್ಲ. ಕೂರಿಸಿ ಪೂರ್ತಿ ಕೇಳಿಸಿಕೊಂಡ. ಸೀಸೆ ಅದಲುಬದಲಾಗಿರಬಹುದು, ಮುಂದಿನ ತಿಂಗಳು ಮತ್ತೆ ನೋಡೋಣ ಎಂದ. ಸುದ್ದಿ ಹೊರಬಿದ್ದರೆ ಎಣ್ಣೆ ತೆಗೆಯುವುದೇ ನಿಲ್ಲುತ್ತದೆ, ಇನ್ನೂರು ಮನೆಯ ಒಲೆ ಆರುತ್ತದೆ ಎಂದ. ಅದೂ ಸುಳ್ಳಾಗಿರಲಿಲ್ಲ.

“ಈ ಸಲ ಹಳೇ ಸಲ್ಫೇಟೇ ಹಾಕಿಬಿಡಿ. ಸೋಡಿಯಂ ಹೇಗೂ ಸರಿದೂಗಿಸುತ್ತೆ,” ಎಂದ. ಆಮೇಲೆ ದನಿ ತಗ್ಗಿಸಿದ. “ತನಿಖೆ ಅಂತ ಬಂದರೆ ಆ ಮೂರು ರುಜು ಯಾರದು ಅಂತಾನೂ ಕೇಳ್ತಾರೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

ಅವಳು ಹೂಂಗುಟ್ಟಿ ಮೇಜಿಗೆ ಮರಳಿದಳು. ನಿಜಕ್ಕೂ ಹಳೆಯ ಅಂಕಿಯನ್ನೇ ಬರೆಯತೊಡಗಿದಳು. ಎರಡಂಕಿ ಬರೆಯುವಷ್ಟರಲ್ಲಿ ಕೈ ನಿಂತಿತು. ಸಂಜೆ ನಲ್ಲಿ ಬಿಡಲು ಇನ್ನು ಅರ್ಧ ಗಂಟೆಯಿತ್ತು. ದಿನಕ್ಕೆರಡರಂತೆ ಮುಂದಿನ ತಿಂಗಳವರೆಗೆ ಅರವತ್ತು ಸಲ ನಲ್ಲಿ ಬರುತ್ತದೆ. ಅವಳು ಆ ಅಂಕಿಯನ್ನು ಹೊಡೆದುಹಾಕಿ ‘ಇಲ್ಲ’ ಎಂದೂ, ಕೆಳಗೆ ‘ಬೇರಿಯಂ ಇದೆ’ ಎಂದೂ ಬರೆದಳು. ಹಳೆಯ ಮೂರು ಹಾಳೆಗಳ ಮೇಲೂ ‘ಅಳೆದಿಲ್ಲ’ ಎಂದು ಬರೆದು, ತಾರೀಕು ಹಾಕಿ, ಮತ್ತೆ ರುಜು ಮಾಡಿದಳು. ನಾಲ್ಕರ ಪ್ರತಿಯನ್ನೂ ಆರೋಗ್ಯ ಇಲಾಖೆಗೆ ಕಳಿಸಿ ಪಂಪ್‌ಹೌಸಿಗೆ ಓಡಿದಳು.

ಪಂಪಿನವನು ಆಗಲೇ ವಾಲ್ವಿನ ಮೇಲೆ ಕೈಯಿಟ್ಟಿದ್ದ. ಹೊರಗೆ ಕೊಡಗಳ ಸದ್ದು ಶುರುವಾಗಿತ್ತು. ಬಿಡಬೇಡ ಎಂದಳು. ಯಾರ ಆರ್ಡರು ಎಂದು ಕೇಳಿದ.

“ಯಾರದೂ ಅಲ್ಲ. ನಾನೇ ಹೇಳ್ತಿದೀನಿ. ನೀರು ಕೆಟ್ಟಿದೆ.”

“ಹೋದ ತಿಂಗಳು ಚೆನ್ನಾಗಿದೆ ಅಂತ ನೀವೇ ಬರೆದಿದ್ರಲ್ಲ ಅಕ್ಕ?”

ಓಡಿಹೋಗಬೇಕೆನಿಸಿತು. “ಹೌದು,” ಎಂದಳು. “ನೋಡದೇ ಬರೆದಿದ್ದೆ.”

ಅವನು ವಾಲ್ವನ್ನು ಇನ್ನೊಂದು ಸುತ್ತು ಬಿಗಿ ಮಾಡಿದ. ಆಮೇಲೆ ಅವಳಿಗೆ ಬೆನ್ನು ತಿರುಗಿಸಿ ಮನೆಗೆ ಫೋನು ಹಚ್ಚಿದ. ಬಸುರಿ ಹೆಂಡತಿಗೆ, ಬೆಳಗ್ಗೆಯಿಂದ ಎಷ್ಟು ನೀರು ಕುಡಿದೆ ಎಂದು ಕೇಳತೊಡಗಿದ.