ನಾಲ್ಕಾಣೆಯ ಹಡಗು

ಒದ್ದೆ ಬಟ್ಟೆಯ ಮೇಲೆ ಬೆಂದ ಇಡ್ಲಿಯ ವಾಸನೆ ಎಂದರೆ ಅಶ್ಮಿತಾಳಿಗೆ ಈಗಲೂ ಬಾಲ್ಯವೇ. ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಅವಳ ಅಪ್ಪ ವಸಂತಕುಮಾರರು ಮೂವತ್ತು ವರ್ಷ ಇಡ್ಲಿ ಬೇಯಿಸಿದವರು. ಶಾಲೆ ಬಿಟ್ಟು ಬಂದವಳು ಅಡುಗೆಮನೆಯ ಮೂಲೆಯಲ್ಲಿ ಕೂತು, ಬುಸುಗುಟ್ಟುವ ದೊಡ್ಡ ತಾಮ್ರದ ಇಡ್ಲಿ ಪಾತ್ರೆ ಇದೀಗ ಹಾರಿಯೇ ಬಿಡುತ್ತದೆ ಎಂದು ಕಾಯುತ್ತಿದ್ದಳು.

ಅದನ್ನು ಹಾರಿಸುವಷ್ಟರಲ್ಲಿ ಅವಳಿಗೆ ಮೂವತ್ತನಾಲ್ಕಾಯಿತು. 2011ರ ಮಳೆಗಾಲದಲ್ಲಿ, ಥಾಣೆಯಲ್ಲಿ ರೈಲು ಬದಲಾಯಿಸಿ ಬೇಲಾಪುರದ ಕಚೇರಿಗೆ ಹೋಗುವ ಹಾದಿಯಲ್ಲೇ, ಒಂಬತ್ತು ಸಂಪುಟಗಳ ಕಾದಂಬರಿ ಶುರುಮಾಡಿದಳು. ಸಮುದ್ರದ ಕವಲಾದ ಖಾಡಿಯ ಉಪ್ಪುನೀರಿನ ಮೇಲೆ ಹಬೆಯ ಹಡಗುಗಳು ಹಾರಾಡುವ ಲೋಕ ಅದು. ವಿಷಯ ತಿಳಿದಂದಿನಿಂದ ಲೇಡೀಸ್ ಬೋಗಿಯ ಹೆಂಗಸರು ಕಿಟಕಿ ಸೀಟನ್ನು ಅವಳಿಗೇ ಹಿಡಿದಿಡುತ್ತಿದ್ದರು. "ಬೈಠೋ ರೈಟರ್ ಮೇಡಮ್, ಜಹಾಜ್ ಕಹಾಂ ತಕ್ ಪಹುಂಚಾ?" ಹಡಗು ಎಲ್ಲಿಯವರೆಗೆ ಬಂತೆಂದು ದಿನವೂ ವಿಚಾರಣೆ.

ಅಪ್ಪನೋ, ಒಂದು ಅಧ್ಯಾಯ ಮುಗಿಯುವ ಮೊದಲೇ ಇಡೀ ಹೌಸಿಂಗ್ ಸೊಸೈಟಿಗೆ ಸಾರಿಬಿಟ್ಟಿದ್ದರು. "ನಮ್ಮ ಅಶ್ಮಿ ಒಂಬತ್ತು ಪುಸ್ತಕ ಬರೆಯುದು. ಸ್ಟೀಮ್ ಪಂಖಾ ಅಂತ."

"ಪಂಖಾ ಅಲ್ಲ ಪಪ್ಪ, ಹಬೆಯಂತ್ರಗಳ ಕಲ್ಪನಾಕಥೆ, ಸ್ಟೀಮ್‌ಪಂಕ್!"

"ಎಂತದೋ ಒಂದು. ಸ್ಟೀಮ್ ಉಂಟಲ್ಲ?"

ಹಬೆಯ ವಿಷಯದಲ್ಲಿ ಅವಳು ನಂಬಿದ್ದು ಅವರೊಬ್ಬರನ್ನೇ. ಅವರು ಒಪ್ಪದಿದ್ದರೆ ಇಲ್ಲಿಗೇ ನಿಲ್ಲಿಸುವುದು ಎಂದುಕೊಂಡೇ ಭಾನುವಾರ ಮೊದಲ ಅಧ್ಯಾಯ ಓದಿದಳು. ಅವರು ಕಣ್ಣುಮುಚ್ಚಿ ಕೇಳಿದರು.

"ಹಡಗು ಹಾರುದೆಲ್ಲ ಸರಿ ಮಗಾ. ಒಳಗೆ ನೀರು ಮುಗಿದದ್ದು ಕ್ಯಾಪ್ಟನಿಗೆ ಗೊತ್ತಾಗುದು ಹೇಗೆ?"

"ಅದು ಕಲ್ಪನೆ ಪಪ್ಪ."

"ಕಲ್ಪನೆಯ ಪಾತ್ರೆಯೂ ತಳ ಹಿಡಿತದೆ."

ಅವಳ ಮುಖ ಸಣ್ಣದಾಯಿತು. ಹಾಳೆಗಳನ್ನು ಮಡಚುತ್ತಿದ್ದಾಗ ಎಲ್ಲಿಂದಲೋ ಒಂದು ಟಣಟಣ ಸದ್ದು ನೆನಪಿಗೆ ಬಂತು. ಪಾತ್ರೆಯ ತಳದ ನೀರಿಗೆ ಅಪ್ಪ ಒಂದು ನಾಲ್ಕಾಣೆ ಹಾಕಿಡುತ್ತಿದ್ದರು. ನೀರು ಕುದಿಯುವಷ್ಟು ಹೊತ್ತೂ ಅದು ಕುಣಿಯುತ್ತಿತ್ತು. ಸದ್ದು ನಿಂತರೆ ನೀರು ಮುಗಿಯಿತೆಂದೇ ಅರ್ಥ. ಹೊರಗೆ ಗಿರಾಕಿಗಳ ಗದ್ದಲ ಎಷ್ಟೇ ಇರಲಿ, ಆ ಮೌನ ಅವರ ಕಿವಿಗೆ ಬೀಳುತ್ತಿತ್ತು.

ಅಲ್ಲೇ ಮೊದಲ ವಾಕ್ಯ ಹೊಡೆದುಹಾಕಿ, ಹೊಸದು ಬರೆದು ಓದಿದಳು: "ಹಡಗಿನ ಹೊಟ್ಟೆಯಲ್ಲಿ ನಾಲ್ಕಾಣೆಯ ಸದ್ದು ನಿಂತಿತು, ಅದನ್ನು ಗಮನಿಸಿದವಳು ಕ್ಯಾಪ್ಟನ್ ಒಬ್ಬಳೇ."

ವಸಂತಕುಮಾರರು ಕನ್ನಡಕ ತೆಗೆದು ಬನಿಯನ್ನಿನ ತುದಿಯಲ್ಲಿ ಒರೆಸಿದರು.

"ಇನ್ನೂ ಒಂಬತ್ತು ಪುಸ್ತಕ ಬಾಕಿ ಅಲ್ವಾ? ಬೇಗ ಬರಿ. ನನಗೆ ಎಪ್ಪತ್ತೊಂದು."

ಸೋಮವಾರ ಬೆಳಿಗ್ಗೆ ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವರು ಬಾಗಿಲ ಬಳಿ ಬಂದರು. ಕೈಯಲ್ಲಿ ದಿನದ ಪುಟ್ಟ ಡಬ್ಬಿಯ ಬದಲು ನಾಲ್ಕು ಅಂತಸ್ತಿನ ಕ್ಯಾರಿಯರ್. ಅದರ ತುಂಬ ಬಿಸಿ ಇಡ್ಲಿ, ಕಿಟಕಿ ಸೀಟು ಹಿಡಿದಿಡುವ ಹೆಂಗಸರಿಗೂ ಸಾಲುವಷ್ಟು. ಅದನ್ನು ಅವಳ ಕೈಗಿಟ್ಟು ಒಳಗೆ ಹೋದರು.