ಧರ್ಮಾಸ್ಪತ್ರೆಯ ತೊಟ್ಟಿಲು

ನಾನೊಂದು ತೊಟ್ಟಿಲು. ಅದಕ್ಕೂ ಮೊದಲು ನಾನು ಮಗ್ಗವಾಗಿದ್ದೆ. ನಮ್ಮದು ನೇಕಾರರ ಊರು. ಪವರ್‌ಲೂಮ್ ಬಂದು ಕೈಮಗ್ಗಗಳು ಮೂಲೆ ಸೇರಿದ ಕಾಲಕ್ಕೆ ಬಡಿಗ ಈರಪ್ಪ ಅಂಥದ್ದೊಂದನ್ನು ಬಿಚ್ಚಿ, ಸಾಗುವಾನಿಯ ತುಂಡುಗಳನ್ನು ಉಜ್ಜಿ, ಮೂಲೆಗೊಂದು ಗಿಳಿ ಕೆತ್ತಿ ನನ್ನನ್ನು ಮಾಡಿದ. ಒಂದು ಗಿಳಿಯ ಕೊಕ್ಕು ಸೊಟ್ಟಗಾಯಿತು. "ಕೂಸಿಗೇನ್ ತಿಳೀತೈತಿ" ಅಂತ ಹಾಗೇ ಬಿಟ್ಟ.

ನನ್ನನ್ನು ತೂಗುಹಾಕಿದ್ದು ಧರ್ಮಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ಆಸ್ಪತ್ರೆ ಯಾವ ಧಣಿಯದೂ ಅಲ್ಲ. ಹೆಂಗಸರ ಸಂಘ ಮನೆಮನೆಯಿಂದ ಹಿಡಿ ಜೋಳ ಎತ್ತಿ ಕಟ್ಟಿ ನಿಲ್ಲಿಸಿದ್ದು. ಜೋಳ ಕೊಟ್ಟ ಮನೆಯ ಸೊಸೆಗೆ ಹೆರಿಗೆ ಪುಕ್ಕಟೆ, ಬಾಣಂತಿಗೆ ಬಿಸಿ ರೊಟ್ಟಿ, ಕೂಸಿಗೆ ನಾನು. ಊರಿನ ಅರ್ಧ ಜನ ನನ್ನ ಮೇಲೆ ಉಚ್ಚೆ ಹೊಯ್ದವರೇ. ನನ್ನ ತಳದ ಹಲಗೆ ಕಪ್ಪಾದದ್ದೇ ಅದರಿಂದ, ಅದು ನನಗೆ ಹೆಮ್ಮೆ.

ನನ್ನ ಯಜಮಾನತಿ ಆಯಾ ಬಾಳವ್ವ. ಬಾಯಿ ಜೋರು, ಕೈ ಮೆತ್ತಗೆ. ನಮ್ಮೂರಲ್ಲೊಂದು ನಂಬಿಕೆಯಿತ್ತು: ತೊಟ್ಟಿಲು ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ. ಅಣ್ಣತಮ್ಮಂದಿರ ಜಗಳ ಕೋರ್ಟಿಗೆ ಹೋಗುವ ಮೊದಲು ನನ್ನ ಹತ್ತಿರ ಬರುತ್ತಿತ್ತು. ಮುಟ್ಟಿ ಹೇಳಿದರೆ ಮಾತು ಮುಗಿಯಿತು, ಆಮೇಲೆ ಯಾರೂ ಕಾಗದ ಪತ್ರ ಕೇಳುತ್ತಿರಲಿಲ್ಲ.

ಆಗ ಕೊರೋನಾ ಬಂತು. ಸಂಘದ ಹೆಂಗಸರು ಸುಮ್ಮನೆ ಕೂರಲಿಲ್ಲ. ಕುಬಸ ಹೊಲಿಯುವ ಖಣದ ಬಟ್ಟೆಯಲ್ಲೇ ಮಾಸ್ಕ್ ಹೊಲಿದರು. ಮೀಸೆಯ ಗಂಡಸರೆಲ್ಲ ಕುಬಸದ ಅಂಚು ಮುಖಕ್ಕೆ ಕಟ್ಟಿಕೊಂಡು ಓಡಾಡಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಹಿಡಿ ಜೋಳ ರೊಟ್ಟಿಯಾಗಿ ರೋಗಿಗಳ ಮನೆಬಾಗಿಲಿಗೆ ಹೋಯಿತು. ಆದರೆ ಎರಡನೆಯ ಅಲೆಯಲ್ಲಿ ಮಂಚ ಸಾಲಲಿಲ್ಲ. ಸರ್ಕಾರಿ ಕಾಗದಪತ್ರ ನೋಡಿಕೊಳ್ಳಲೆಂದು ಸಂಘದವರೇ ಅಧ್ಯಕ್ಷನಾಗಿ ಕೂರಿಸಿದ್ದ ಮುರಿಗೆಪ್ಪ ಸಾಹುಕಾರ ನಮ್ಮ ವಾರ್ಡಿಗೆ ಬಂದು, ಗಾಳಿ ಬೆಳಕಿರುವುದು ಇದೊಂದೇ ಕೋಣೆ, ಇಲ್ಲಿಗೇ ಆಕ್ಸಿಜನ್ ಪೈಪು ಹಾಕಿಸಬೇಕು ಅಂದ.

"ಹೆರಾಕ ಬಂದ ಹೆಣ್ಮಕ್ಳು ಎಲ್ಲಿ ಹೋಗ್ಬೇಕ್ರಿ ಸಾಹುಕಾರ್ರ?" ಬಾಳವ್ವ ಬಾಗಿಲಿಗೆ ಅಡ್ಡ ನಿಂತಳು.

ಅವನು ನನ್ನ ಮೇಲೆ ಕೈ ಇಟ್ಟ. "ಈ ತೊಟ್ಲ ಮುಟ್ಟಿ ಹೇಳ್ತೀನಿ ಬಾಳವ್ವಾ. ಈ ಜಡ್ಡು ಹೋಗಿದ್ದ ತಡ, ವಾರ್ಡ್ ನಿಮ್ಮ ಕೈಗೆ ಕೊಡ್ತೀನಿ."

ಅಂಗೈ ಬೆವರಿತ್ತು. ಸಂಕಟದಲ್ಲಿರುವ ಮನುಷ್ಯನ ಬೆವರು ಅಂತ ನಾನು ನಂಬಿದೆ. ಬಾಳವ್ವನೂ ನಂಬಿದಳು. ತಾನೇ ನನ್ನನ್ನು ಇಳಿಸಿ, ಹಳೆ ಸೀರೆ ಸುತ್ತಿ ಉಗ್ರಾಣದಲ್ಲಿಟ್ಟಳು. ಓಣಿ ಓಣಿಗೆ ಹೋಗಿ, "ತೊಟ್ಲ ಮುಟ್ಯಾರ, ನಮ್ಮ ವಾರ್ಡ್ ನಮಗ ಬರತೈತಿ" ಅಂತ ಹೇಳಿ ಬಂದಳು. ಆ ಕೋಣೆಯಲ್ಲಿ ಎಷ್ಟೋ ಜೀವ ಉಳಿದವು, ಇಲ್ಲವೆನ್ನಲಾರೆ. ಗುಣವಾಗಿ ಮನೆಗೆ ಹೊರಟವರ ನಗು ಉಗ್ರಾಣದವರೆಗೂ ಕೇಳುತ್ತಿತ್ತು.

ರೋಗ ಹೋಯಿತು. ವಾರ್ಡ್ ಮಾತ್ರ ಬರಲಿಲ್ಲ. ಪೈಪು ಹಾಕಿದ ಕೋಣೆ ಪಟ್ಟಣದ ಡಾಕ್ಟರರ ಕಣ್ಣಿಗೆ ಬಿದ್ದಿತ್ತು. ಅಲ್ಲಿ ಗಾಜಿನ ಬಾಗಿಲು, ಏಸಿ, ದುಡ್ಡಿದ್ದವರಿಗೆ ಸ್ಪೆಷಲ್ ರೂಮು ಎದ್ದವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಬಾಳವ್ವ ಕೇಳಿದಾಗಲೆಲ್ಲ ಸಾಹುಕಾರ "ಹಬ್ಬ ಆಗ್ಲಿ" ಅನ್ನುತ್ತಿದ್ದ. ಅವಳು ಅದನ್ನೂ ನಂಬಿ, ಪಕ್ಕದ ಮನೆಯ ಬಸುರಿ ಸಾವಂತ್ರಿಗೆ, "ತಾಲೂಕ ದವಾಖಾನಿಗ್ಯಾಕ ಹೆಸರು ಹಚ್ತಿ? ಇಲ್ಲೇ ಹಡೀವಂತಿ" ಅಂದಿದ್ದಳು.

ಸಾವಂತ್ರಿ ನೋವು ತಿನ್ನುತ್ತ ಬಂದಾಗ, ಇಲ್ಲಿ ಹೆರಿಗೆ ಇಲ್ಲ ಅಂತ ಗೇಟಿನಿಂದಲೇ ತಿರುಗಿಸಿದರು. ತಾಲೂಕಿನ ದಾರಿಯಲ್ಲಿ ಟೆಂಪೋದಲ್ಲೇ ಹೆತ್ತಳು. ಕೂಸು ಅಳಲಿಲ್ಲ.

ಬಾಳವ್ವ ಸಾಹುಕಾರನನ್ನು ಹುಡುಕಿಕೊಂಡು ಬಂದು ಉಗ್ರಾಣದ ಮುಂದೆಯೇ ಹಿಡಿದಳು. "ಆಣಿ ಮಾಡಿದ್ರಲ್ರಿ. ನಾ ಯಾವ ಮಾರಿ ಹೊತ್ಕೊಂಡು ಓಣ್ಯಾಗ ಹೋಗ್ಲಿ?"

"ಅದು ಆಗಿನ ಮಾತಬೇ. ಕಟ್ಟಿಗಿ ಮುಟ್ಟಿದ್ದಕ್ಕ ಇಷ್ಟ್ಯಾಕ ಮಾತಾಡ್ತಿ?"

ಕಟ್ಟಿಗೆ! ನನ್ನನ್ನು ಮುಟ್ಟಿದಾಗ ಅವನಿಗೆ ಅಷ್ಟೇ ಅನ್ನಿಸಿತ್ತು. ಮರಕ್ಕೆ ಹೊಟ್ಟೆ ಉರಿಯುವುದಿಲ್ಲ ಅನ್ನುವವರು ಅವತ್ತು ನನ್ನನ್ನು ಮುಟ್ಟಿ ನೋಡಬೇಕಿತ್ತು.

ಸ್ಪೆಷಲ್ ರೂಮುಗಳ ಉದ್ಘಾಟನೆಗೆ ನನಗೆ ಬಣ್ಣ ಬಳಿದು ಬಾಗಿಲಲ್ಲಿ ಶೋಭೆಗೆ ಇಡುವ ಮಾತು ನಡೆದಿತ್ತು. ಅದನ್ನು ಕೇಳಿದ ಬಾಳವ್ವ ಸಂಘದ ಹೆಂಗಸರನ್ನು ಕರೆತಂದು, ಹಾಡಹಗಲೇ ನನ್ನನ್ನು ಹೊತ್ತುಕೊಂಡು ಹೋದಳು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಹಿಡಿ ಜೋಳವೂ ಅವತ್ತಿಗೇ ನಿಂತಿತು.

ಮುಂದೆ ಸಾವಂತ್ರಿ ಮತ್ತೆ ಬಸುರಾಗಿ, ತಾಲೂಕಿಗೆ ಹೋಗಿ ಹೆಣ್ಣು ಹೆತ್ತು ಬಂದಳು. ಬಾಳವ್ವ ಅರಿಸಿನದ ನೀರಲ್ಲಿ ನನ್ನನ್ನು ತೊಳೆದು, ಅವರ ಪಡಸಾಲೆಯ ತೊಲೆಗೆ ತೂಗುಹಾಕಿದಳು. ಕೊನೆಗಾಲಕ್ಕೆ ಒಂದು ಕೂಸು ಸಿಕ್ಕಿತಲ್ಲ ಅಂತ ನನ್ನ ಜೀವ ಹಿಗ್ಗಿತು.

"ಬ್ಯಾಡ ಆಯಿ," ಅಂದಳು ಸಾವಂತ್ರಿ. "ಇದರ ಮ್ಯಾಲೆ ಆಣಿ ಮುರದೈತಿ."

"ತೊಟ್ಲ ಏನ್ ಮಾಡೇತಿ ಯವ್ವಾ?"

"ಏನೂ ಮಾಡಿಲ್ಲ. ನಂಬಾಕ ಮನಸು ಬರವಲ್ದು."

ಬಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಸಾವಂತ್ರಿ ನನ್ನನ್ನು ಖಾಲಿಯೇ ಬಿಟ್ಟು, ಅದೇ ತೊಲೆಗೆ ನನ್ನ ಪಕ್ಕದಲ್ಲಿ ಸೀರೆಯ ಜೋಲಿ ಕಟ್ಟಿದಳು.

ಸಾಹುಕಾರನಿಗೆ ಊರಲ್ಲಿ ಇವತ್ತಿಗೂ ನಮಸ್ಕಾರ ತಪ್ಪಿಲ್ಲ. ಆಣೆ ಮುರಿದವನು ಅವನಾದರೂ ಸುಳ್ಳನೆಂಬ ಹೆಸರು ಬಂದದ್ದು ನನಗೆ. ಸಾವಂತ್ರಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳ ನೋವಿಗೆ ಎದುರು ಹೇಳುವ ಬಾಯಿ ನನಗೆಲ್ಲಿದೆ? ಒಮ್ಮೊಮ್ಮೆ ಜೋಲಿ ತೂಗುವಾಗ ಕೂಸಿನ ಕಾಲು ನನ್ನ ಹಲಗೆಗೆ ತಾಗುತ್ತದೆ. ಸಾವಂತ್ರಿ ಎದ್ದು ಬಂದು ಜೋಲಿಯನ್ನು ಇನ್ನಷ್ಟು ಆಚೆಗೆ ಸರಿಸಿ ಕಟ್ಟುತ್ತಾಳೆ.