ಒಂದ್ಸಲ ಒರಗಿ ತೋರಿಸಿ

“ಕುಡಿದು ಬಿದ್ದ ಬೋಳಿಮಗನಿಗೆಲ್ಲ ವಿಮೆ ಕೊಡಿಸೋಕೆ ನಾನೇನು ಅವನ ಮಾವನೇನೇ? ಅದು ಹೊರಗಿನವರಿಗೆ ಪೆಟ್ಟಾದ್ರೆ ಕೊಡೋದು. ನೀವು ಒಳಗಿನವರು. ಹೋಗು, ಕಸ ಹೊಡಿ.”

ಗೋದಾಮಿನ ಧಣಿ ಹೀಗೆಂದಾಗ ನನ್ನ ಗಂಡ ಸೊಂಟ ಮುರಿದುಕೊಂಡು ಮಲಗಿದ್ದ. ಅಲ್ಲೇ ಮೂಟೆ ಹೊರುವವನು. ಹೆಂಡದ ವಾಸನೆಯೂ ಆಗದವನು. ಸಾಮಾನಿನ ಲಿಫ್ಟ್ ಮೇಲೆ ಬರಲೆಂದು ಕಾಯುತ್ತ ಅದರ ಬಾಗಿಲಿಗೆ ಬೆನ್ನು ಕೊಟ್ಟಿದ್ದ. ಸವೆದ ಕೊಂಡಿ ಕಳಚಿತು. ಮಹಡಿಯಿಂದ ನೇರ ಗುಂಡಿಗೆ ಬಿದ್ದ. ಆಮೇಲೆ ಕೊಂಡಿ ಬದಲಿಸಿ ಎಂದು ನಾನು ಬೇಡಿಕೊಂಡರೆ, ಒರಗೋದು ನಿಮ್ಮ ಕೊಬ್ಬು, ಅದಕ್ಕೆ ಕಬ್ಬಿಣ ಏನು ಮಾಡುತ್ತೆ ಎಂದಿದ್ದ ಧಣಿ. ಅಂದಿನಿಂದ ನಮ್ಮವರು ಯಾರೂ ಆ ಬಾಗಿಲಿಗೆ ಒರಗಲಿಲ್ಲ. ಧಣಿಯೂ ಒರಗಲಿಲ್ಲ. ಅಲ್ಲಿ ಹಾಯುವಾಗ ಎದುರುಗೋಡೆ ಸವರಿಕೊಂಡು ಹೋಗುತ್ತಿದ್ದ. ಗುಡಿಸುತ್ತ ನಾನು ನೋಡುತ್ತಿದ್ದೆ.

ಕಳೆದ ವಾರ ಸರಕು ನೋಡಲು ಬಂದ ದೊಡ್ಡ ವ್ಯಾಪಾರಿಯೊಬ್ಬ ಫೋನಿನಲ್ಲಿ ಮಾತಾಡುತ್ತ ಆ ಬಾಗಿಲಿಗೆ ಒರಗಿದ.

ಧಣಿ ನನ್ನನ್ನು ಕರೆದು ಕುರ್ಚಿ ತೋರಿಸಿದ. ನಾನು ಕೂರಲಿಲ್ಲ. ವಿಮೆಯವರು ಬರುತ್ತಾರೆ, ಕೊಂಡಿ ಗಟ್ಟಿಯಾಗಿತ್ತು, ಹಿಂದೆ ಯಾರೂ ಬಿದ್ದಿಲ್ಲ ಎನ್ನಬೇಕು, ನಿನ್ನ ಗಂಡನಿಗೆ ಗೇಟಿನಲ್ಲಿ ಕೂರುವ ಕೆಲಸ ಕೊಡುತ್ತೇನೆ ಎಂದ. ಹಾಗೆ ಹೇಳದಿದ್ದರೆ ಏನಾಗುತ್ತದೆ ಎಂದು ಕೇಳಿದೆ.

“ಆಕಸ್ಮಿಕ ಅಂದ್ರೆ ಬಿದ್ದ ವ್ಯಾಪಾರಿಗೆ ಪರಿಹಾರ ಅವರೇ ಕೊಡ್ತಾರೆ. ಗೊತ್ತಿದ್ದೂ ಬಿಟ್ಟಿದ್ವಿ ಅಂತಾದ್ರೆ ಕಾಸೂ ಇಲ್ಲ, ಎಲ್ಲ ನನ್ನ ತಲೆಮೇಲೆ. ಮನೆಮಠ ಮಾರಬೇಕಾಗುತ್ತೆ ಕಣಮ್ಮ.”

ಅವನ ಬಾಯಲ್ಲಿ ನಾನು ಅಮ್ಮ ಆದದ್ದು ಅಂದೇ ಮೊದಲು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಸೂರು ನೋಡುತ್ತ ಮಲಗಿದ್ದವನು, ಗೇಟಿನ ಕುರ್ಚಿ ಒಳ್ಳೇದೇ ಎಂದ. ನನ್ನತ್ತ ಕತ್ತು ತಿರುಗಿಸಿ, “ಅಲ್ಲೀವರೆಗೆ ನನ್ನ ಹೊತ್ಕೊಂಡು ಹೋಗೋನು ಯಾರೇ, ನಿಮ್ಮಪ್ಪಾನಾ?” ಎಂದ. ಇಬ್ಬರೂ ನಕ್ಕೆವು.

ವಿಮೆಯ ಅಧಿಕಾರಿಯನ್ನು ಧಣಿ ಮಹಡಿಗೆ ಕರೆತಂದ. ಹೊಸ ಕೊಂಡಿ ಹಾಕಿದರೆ ಹಳೆಯದು ಕೆಟ್ಟಿತ್ತೆಂದು ಒಪ್ಪಿದಂತೆ ಎಂದು ಅದನ್ನು ಹಾಗೇ ಬಿಟ್ಟಿದ್ದ. ಈಗಲೂ ಕಲ್ಲಿನ ಹಾಗಿದೆ ಸಾರ್, ಆವತ್ತು ಹೇಗೋ ಜಾರಿತು, ನಾವೆಲ್ಲ ದಿನಾ ಒರಗೋ ಬಾಗಿಲೇ ಎಂದು, ನನ್ನತ್ತ ತಿರುಗಿ, ಹೇಳಮ್ಮ ಎಂದ.

ಪೊರಕೆ ಕೆಳಗಿಟ್ಟೆ.

“ನನ್ನ ಗಂಡ ಇಲ್ಲೇ ಬಿದ್ದು ಸೊಂಟ ಮುರ್ಕೊಂಡ ಸಾರ್. ಕೊಂಡಿ ಹೋಗಿದೆ ಅಂತ ಧಣೀರಿಗೆ ನಾನೇ ಹೇಳಿದ್ದೆ.”

“ಸುಳ್ಳು ಬೊಗಳ್ತಿದಾಳೆ ಮುಂಡೆ.”

“ಮುಂಡೆ ಆಗೋದು ಸ್ವಲ್ಪದ್ರಲ್ಲಿ ತಪ್ತು ಧಣಿ. ಸುಳ್ಳೇ ಇರ್ಲಿ. ಬಾಗಿಲು ಗಟ್ಟಿ ಇದೆಯಲ್ಲ, ಒಂದ್ಸಲ ಒರಗಿ ತೋರಿಸಿ.”

ಅಧಿಕಾರಿ ಪೆನ್ನು ಎತ್ತಿ ಹಿಡಿದು ಕಾದ. ಧಣಿ ನಕ್ಕ, ಕತ್ತು ಒರೆಸಿಕೊಂಡ, ಒಂದು ಹೆಜ್ಜೆ ಎದುರುಗೋಡೆಯ ಕಡೆ ಸರಿದ. ಮೂಟೆ ಹೊರುವವರು ಮೂಟೆ ಇಳಿಸಿ ಬಂದು, ಅವನಿಗೂ ಗೋಡೆಗೂ ನಡುವೆ ಒಬ್ಬೊಬ್ಬರಾಗಿ ನಿಂತರು.